ಹಳೆಯ ಕಾದಂಬರಿಗಳ ಆಡಿಯೋಬುಕ್ ಪುಕ್ಕಟೆ ಸಿಗುವುದು ಹೇಗೆ?

ಇಂಟರ್ನೆಟ್‌ನಲ್ಲಿ ಜೇನ್ ಆಸ್ಟಿನ್ ಕಾದಂಬರಿಯೊಂದರ ಆಡಿಯೋಬುಕ್ ಹುಡುಕಿ ನೋಡಿ. ಒಂದೇ ಪುಸ್ತಕ ಹತ್ತು ಕಡೆ ಕಾಣಿಸುತ್ತದೆ. ಒಂದಕ್ಕೆ ದುಡ್ಡು ಕೊಡಬೇಕು. ಇನ್ನೊಂದು ತಿಂಗಳ ಚಂದಾ ಕಟ್ಟಿದವರಿಗೆ ಮಾತ್ರ. ಮತ್ತೊಂದು ಪೂರ್ತಿ ಉಚಿತ, ಲಾಗಿನ್ ಕೂಡ ಕೇಳುವುದಿಲ್ಲ. ಕಥೆ ಅದೇ, ಸಾಲುಗಳೂ ಅವೇ. ಹಾಗಿದ್ದ ಮೇಲೆ ಈ ವ್ಯತ್ಯಾಸ ಯಾಕೆ? ಉಚಿತವಾಗಿ ಸಿಕ್ಕಿದ್ದು ಕದ್ದ ಮಾಲಾ? ಮೂರನೇ ಅಧ್ಯಾಯಕ್ಕೆ ಬರುವಷ್ಟರಲ್ಲಿ ಹೆಂಗಸಿನ ದನಿ ಹೋಗಿ ಗಂಡಸಿನ ದನಿ ಬಂದದ್ದು ಹೇಗೆ?

ಆಡಿಯೋಬುಕ್ ಕಾನೂನುಬದ್ಧವಾಗಿ ಉಚಿತವಾಗಬೇಕಾದರೆ ಸಾಮಾನ್ಯವಾಗಿ ಎರಡು ಸಂಗತಿ ನಡೆದಿರಬೇಕು. ಬರೆದ ಪುಸ್ತಕದ ಮೇಲಿನ ಹಕ್ಕು ಮುಗಿದಿರಬೇಕು. ಅದನ್ನು ಓದಿ ರೆಕಾರ್ಡ್ ಮಾಡಿದವರು ತಮ್ಮ ಹಕ್ಕನ್ನು ಬಿಟ್ಟುಕೊಟ್ಟಿರಬೇಕು. ಮೊದಲನೆಯದು ಕಾಲ ಕಳೆದಂತೆ ತಾನಾಗಿ ಆಗುತ್ತದೆ. ಎರಡನೆಯದಕ್ಕೆ ಯಾರಾದರೂ ಮನಸ್ಸು ಮಾಡಬೇಕು.

ಪುಸ್ತಕದ ಹಕ್ಕು ಮುಗಿಯುವುದು ಯಾವಾಗ?

ಯಾರೇ ಒಂದು ಪುಸ್ತಕ ಬರೆದರೂ ಅದರ ಪ್ರತಿ ಮಾಡುವ, ಮಾರುವ, ಅನುವಾದಿಸುವ, ದನಿಯಲ್ಲಿ ಓದಿ ಹಂಚುವ ಹಕ್ಕು ಬರೆದವರಿಗೇ ಇರುತ್ತದೆ. ಇದೇ ಕಾಪಿರೈಟ್, ಕೃತಿಸ್ವಾಮ್ಯ. ಇದಕ್ಕೊಂದು ಗಡುವಿದೆ. ಗಡುವು ಮುಗಿದ ಪುಸ್ತಕ ಎಲ್ಲರ ಸ್ವತ್ತಾಗುತ್ತದೆ. ಆಗ ಅದು ಪಬ್ಲಿಕ್ ಡೊಮೇನ್‌ಗೆ ಬಂತು ಅನ್ನುತ್ತಾರೆ. ಅಲ್ಲಿಂದ ಮುಂದೆ ಯಾರ ಅನುಮತಿಯೂ ಬೇಕಿಲ್ಲ.

ಗಡುವು ಎಷ್ಟು ಅನ್ನುವುದರಲ್ಲಿ ಮಾತ್ರ ದೇಶದಿಂದ ದೇಶಕ್ಕೆ ಲೆಕ್ಕ ಬೇರೆ. ಬಹುತೇಕ ದೇಶಗಳು ಸೇರಿರುವ ಬರ್ನ್ ಒಪ್ಪಂದದ ಪ್ರಕಾರ, ಲೇಖಕರು ತೀರಿಕೊಂಡ ಮೇಲೆ ಕನಿಷ್ಠ 50 ವರ್ಷ ಹಕ್ಕು ಉಳಿಯಬೇಕು. ಭಾರತದಲ್ಲಿ ಇದು 60 ವರ್ಷ. ಬ್ರಿಟನ್ ಮತ್ತು ಯುರೋಪಿಯನ್ ಒಕ್ಕೂಟದಲ್ಲಿ 70. ಅಮೆರಿಕದ್ದು ಬೇರೆಯೇ ದಾರಿ. ಅಲ್ಲಿ 1978ಕ್ಕಿಂತ ಮುಂಚೆ ಪ್ರಕಟವಾದ ಪುಸ್ತಕಗಳಿಗೆ ಲೇಖಕರ ಸಾವು ಲೆಕ್ಕಕ್ಕೇ ಬರುವುದಿಲ್ಲ, ಪ್ರಕಟವಾದ ವರ್ಷದಿಂದ ಎಣಿಸುತ್ತಾರೆ. ಗರಿಷ್ಠ 95 ವರ್ಷ. ಹೀಗಾಗಿ 1930ರಲ್ಲಿ ಪ್ರಕಟವಾದ ಪುಸ್ತಕಗಳು ಅಲ್ಲಿ 2026ರ ಜನವರಿ 1ಕ್ಕೆ ಎಲ್ಲರದಾದವು. ಪ್ರತಿ ಹೊಸ ವರ್ಷದ ಮೊದಲ ದಿನ ಇನ್ನೊಂದು ವರ್ಷದ ಪುಸ್ತಕಗಳು ಸೇರಿಕೊಳ್ಳುತ್ತವೆ.

ಈ ಲೆಕ್ಕದ ಗೋಜಲು ತಿಳಿಯಬೇಕಾದರೆ ಅಗಾಥಾ ಕ್ರಿಸ್ಟಿ ಒಳ್ಳೆಯ ಉದಾಹರಣೆ. ಅವರ ಮೊದಲ ಪತ್ತೇದಾರಿ ಕಾದಂಬರಿ 1920ರಲ್ಲಿ ಅಮೆರಿಕದಲ್ಲಿ ಬಂತು. ಆದ್ದರಿಂದ ಅಲ್ಲಿ ಅದು ಎಂದೋ ಎಲ್ಲರ ಸ್ವತ್ತು. ಅದರ ಉಚಿತ ಆಡಿಯೋಬುಕ್ ಕೂಡ ಇದೆ. ಆದರೆ ಕ್ರಿಸ್ಟಿ ತೀರಿಕೊಂಡದ್ದು 1976ರಲ್ಲಿ. ಅಂದರೆ ಬ್ರಿಟನ್‌ನಲ್ಲಿ 2046ರ ಕೊನೆಯವರೆಗೂ, ಭಾರತದಲ್ಲಿ 2036ರ ಕೊನೆಯವರೆಗೂ ಅದೇ ಪುಸ್ತಕಕ್ಕೆ ಹಕ್ಕುದಾರರಿದ್ದಾರೆ. ಉಚಿತ ಆಡಿಯೋಬುಕ್‌ಗಳ ದೊಡ್ಡ ತಾಣಗಳು ನಡೆಯುವುದು ಅಮೆರಿಕದ ಕಾನೂನಿನ ಪ್ರಕಾರ. ಬೇರೆ ದೇಶದವರು ಡೌನ್‌ಲೋಡ್ ಮಾಡುವ ಮುಂಚೆ ತಮ್ಮ ದೇಶದ ನಿಯಮ ನೋಡಿಕೊಳ್ಳಿ ಅಂತ ಆ ತಾಣಗಳೇ ಹೇಳುತ್ತವೆ. ಡಿಕನ್ಸ್, ಟಾಲ್‌ಸ್ಟಾಯ್, ಆಸ್ಟಿನ್ ಅಂಥವರ ವಿಷಯದಲ್ಲಿ ಈ ತಲೆನೋವು ಇಲ್ಲ. ಅವರು ತೀರಿಕೊಂಡು ನೂರು ವರ್ಷ ದಾಟಿದೆ. ಇಪ್ಪತ್ತನೇ ಶತಮಾನದ ಲೇಖಕರ ಹತ್ತಿರ ಬಂದಾಗ ಮಾತ್ರ ಇಸವಿ ನೋಡುವುದು ಒಳ್ಳೆಯದು.

ಇನ್ನೊಂದು ವಿಚಿತ್ರ. ಉಚಿತ ಪಟ್ಟಿಯಲ್ಲಿ 1950ರ ದಶಕದ ವೈಜ್ಞಾನಿಕ ಸಣ್ಣ ಕಥೆಗಳು ರಾಶಿ ರಾಶಿ ಇವೆ. 95 ವರ್ಷ ಆಗಿಲ್ಲ, ಅಲ್ವಾ? ಅಮೆರಿಕದ ಹಳೆಯ ಕಾನೂನಿನಲ್ಲಿ 28 ವರ್ಷ ತುಂಬುವಾಗ ಹಕ್ಕನ್ನು ಒಂದು ಸಲ ನವೀಕರಿಸಬೇಕಿತ್ತು. ಪತ್ರಿಕೆಗಳಲ್ಲಿ ಬಂದುಹೋದ ಎಷ್ಟೋ ಕಥೆಗಳಿಗೆ ಯಾರೂ ಅರ್ಜಿ ಹಾಕಲಿಲ್ಲ. ಅವು ಸುಮ್ನೆ ಎಲ್ಲರ ಪಾಲಾದವು.

ನೆಲ ಎಲ್ಲರದು, ಮನೆ ಕಟ್ಟಿದವರದು

ಪುಸ್ತಕ ಉಚಿತ ಅಂದ ಮಾತ್ರಕ್ಕೆ ಅದರ ಆಡಿಯೋ ಉಚಿತವಾಗುವುದಿಲ್ಲ. ಹೆಚ್ಚಿನವರು ಎಡವುವುದು ಇಲ್ಲೇ.

ಹಕ್ಕು ಮುಗಿದ ಪುಸ್ತಕವನ್ನು ಊರಿಗೆಲ್ಲ ಸೇರಿದ ಬಯಲು ಅಂದುಕೊಳ್ಳಿ. ಅಲ್ಲಿ ಯಾರು ಬೇಕಾದರೂ ಮನೆ ಕಟ್ಟಬಹುದು. ಆದರೆ ಕಟ್ಟಿದ ಮನೆ ಕಟ್ಟಿದವರದೇ. ಒಬ್ಬ ಹೆಸರಾಂತ ನಟ ಸ್ಟುಡಿಯೋದಲ್ಲಿ ಕೂತು ಡಿಕನ್ಸ್ ಕಾದಂಬರಿ ಓದಿದರೆ, ಆ ರೆಕಾರ್ಡಿಂಗ್ ಮೇಲೆ ಹೊಸದಾಗಿ ಒಂದು ಹಕ್ಕು ಹುಟ್ಟುತ್ತದೆ. ಅದಕ್ಕೆ ದುಡ್ಡು ಕೇಳುವುದು ನ್ಯಾಯವೇ. ಅದನ್ನು ಯಾರೋ ನಕಲು ಮಾಡಿ ವಿಡಿಯೋ ತಾಣಕ್ಕೆ ಹಾಕಿದರೆ, ಕಥೆ 150 ವರ್ಷ ಹಳೆಯದಾದರೂ, ಅದು ಕಳ್ಳಮಾಲೇ. ಪಕ್ಕದಲ್ಲೇ ಇನ್ನೊಬ್ಬರು ಅದೇ ಕಾದಂಬರಿಯನ್ನು ಮನೆಯಲ್ಲಿ ಕೂತು ಓದಿ, ಯಾರು ಬೇಕಾದರೂ ಬಳಸಿ ಅಂದಿದ್ದರೆ ಅದು ಎಲ್ಲರದು. ಮೊದಲು ಕೇಳಿದ ಪ್ರಶ್ನೆಗೆ, ಒಂದೇ ಕಾದಂಬರಿಗೆ ಬೇರೆ ಬೇರೆ ಬೆಲೆ ಯಾಕೆ ಅನ್ನುವುದಕ್ಕೆ, ಉತ್ತರ ಇಷ್ಟೇ.

ಅನುವಾದಕ್ಕೂ ಇದೇ ಮಾತು. ಹೋಮರನ ಮಹಾಕಾವ್ಯಕ್ಕೆ ಎರಡೂವರೆ ಸಾವಿರಕ್ಕೂ ಜಾಸ್ತಿ ವರ್ಷ. ಆದರೆ ಎಮಿಲಿ ವಿಲ್ಸನ್ 2017ರಲ್ಲಿ ಪ್ರಕಟಿಸಿದ ಒಡಿಸ್ಸಿಯ ಇಂಗ್ಲಿಷ್ ಅನುವಾದ ಅವರದು. ಉಚಿತ ಆಡಿಯೋ ಬೇಕೆಂದರೆ ಸಿಗುವುದು 1902ರಲ್ಲಿ ತೀರಿಕೊಂಡ ಸ್ಯಾಮ್ಯುಯೆಲ್ ಬಟ್ಲರ್ ಗದ್ಯದಲ್ಲಿ ಮಾಡಿದ ಅನುವಾದದಂಥವು. ರಷ್ಯನ್ ಕಾದಂಬರಿಗಳಿಗೆ ಹೋದರೆ ಕಾನ್‌ಸ್ಟನ್ಸ್ ಗಾರ್ನೆಟ್ ಹೆಸರು ಮೇಲಿಂದ ಮೇಲೆ ಸಿಗುತ್ತದೆ. ಟಾಲ್‌ಸ್ಟಾಯ್, ದಾಸ್ತೊಯೆವ್‌ಸ್ಕಿ, ಚೆಕಾಫ್ ಎಲ್ಲರನ್ನೂ ಇಂಗ್ಲಿಷಿಗೆ ತಂದ ಈ ಮಹಿಳೆ ತೀರಿಕೊಂಡದ್ದು 1946ರಲ್ಲಿ. ಉಚಿತ ಆಡಿಯೋಬುಕ್‌ನಲ್ಲಿ ದಾಸ್ತೊಯೆವ್‌ಸ್ಕಿಯ ಪಾತ್ರಗಳು ವಿಕ್ಟೋರಿಯಾ ಕಾಲದ ಇಂಗ್ಲಿಷರ ಹಾಗೆ ಮಾತಾಡುತ್ತಿವೆ ಅನಿಸಿದರೆ ಅದು ಮೂಲ ಲೇಖಕರ ತಪ್ಪಲ್ಲ. ಅನುವಾದದ ವಯಸ್ಸು ಅದು. ಬೇರೆ ಭಾಷೆಯಿಂದ ಬಂದ ಪುಸ್ತಕ ಕೇಳುವ ಮುಂಚೆ ಅನುವಾದಕರ ಹೆಸರು ನೋಡಿಕೊಂಡರೆ ಎಷ್ಟೋ ಬೇಸರ ತಪ್ಪುತ್ತದೆ.

ಹಾಗಾದರೆ ಓದುವವರು ಯಾರು?

2005ರ ಆಗಸ್ಟಿನಲ್ಲಿ ಕೆನಡಾದ ಮಾಂಟ್ರಿಯಲ್‌ನ ಹ್ಯೂ ಮೆಕ್‌ಗ್ವೈರ್ ಅನ್ನುವವರು ಒಂದು ಪ್ರಯೋಗ ಶುರು ಮಾಡಿದರು. ಹಕ್ಕು ಮುಗಿದ ಪುಸ್ತಕವೊಂದನ್ನು ಇಂಟರ್ನೆಟ್‌ನಲ್ಲಿ ಸಿಕ್ಕ ಆಸಕ್ತರು ಅಧ್ಯಾಯ ಹಂಚಿಕೊಂಡು ಓದುವುದು, ಆಮೇಲೆ ಅದನ್ನು ಎಲ್ಲರಿಗೂ ಬಿಟ್ಟುಕೊಡುವುದು. ಮೊದಲು ಓದಿದ್ದು ಜೋಸೆಫ್ ಕಾನ್ರಾಡ್ 1907ರಲ್ಲಿ ಬರೆದ ದಿ ಸೀಕ್ರೆಟ್ ಏಜೆಂಟ್. ಅದೇ ಲಿಬ್ರಿವಾಕ್ಸ್ ಆಯಿತು. ಇವತ್ತು ಅಲ್ಲಿ ಸುಮಾರು 20,000 ರೆಕಾರ್ಡಿಂಗ್‌ಗಳಿವೆ. ಓದಿದವರಿಗೆ ಯಾರಿಗೂ ಸಂಬಳವಿಲ್ಲ. ಕೇಳುವವರಿಗೆ ಜಾಹೀರಾತಿಲ್ಲ. ಫೈಲುಗಳು ಇರುವುದು ಇಂಟರ್ನೆಟ್ ಆರ್ಕೈವ್ ಎಂಬ ಇನ್ನೊಂದು ಲಾಭರಹಿತ ಸಂಸ್ಥೆಯ ಸರ್ವರ್‌ಗಳಲ್ಲಿ. ಓದಲು ಬೇಕಾದ ಪಠ್ಯದಲ್ಲಿ ಬಹುಪಾಲು ಬರುವುದು ಪ್ರಾಜೆಕ್ಟ್ ಗುಟೆನ್‌ಬರ್ಗ್‌ನಿಂದ. ಅದು ಇನ್ನೂ ಹಳೆಯದು. ಮೈಕೆಲ್ ಹಾರ್ಟ್ 1971ರಲ್ಲಿ ವಿಶ್ವವಿದ್ಯಾಲಯದ ಕಂಪ್ಯೂಟರಿನಲ್ಲಿ ಅಮೆರಿಕದ ಸ್ವಾತಂತ್ರ್ಯ ಘೋಷಣೆಯನ್ನು ಟೈಪ್ ಮಾಡಿ ಹಂಚಿದಾಗ ಅದು ಹುಟ್ಟಿತು. ಈಗ ಅಲ್ಲಿ 70,000ಕ್ಕೂ ಹೆಚ್ಚು ಪುಸ್ತಕಗಳಿವೆ.

ಮಧ್ಯದಲ್ಲಿ ದನಿ ಬದಲಾಗುವ ಗುಟ್ಟು ಇಲ್ಲಿದೆ. ಲಿಬ್ರಿವಾಕ್ಸ್‌ನಲ್ಲಿ ಮೂರು ಬಗೆಯ ಓದು ಇದೆ. ಒಬ್ಬರೇ ಇಡೀ ಪುಸ್ತಕ ಓದುವುದು ಒಂದು, ಅದನ್ನು ಸೋಲೋ ಅನ್ನುತ್ತಾರೆ. ಹಲವರು ಅಧ್ಯಾಯ ಹಂಚಿಕೊಂಡು ಓದುವುದು ಇನ್ನೊಂದು. ಮೂರನೆಯದು ನಾಟಕದ ಬಗೆ. ಒಂದೊಂದು ಪಾತ್ರಕ್ಕೆ ಒಬ್ಬೊಬ್ಬರು. ಅವರೆಲ್ಲ ಒಂದೇ ಕೋಣೆಯಲ್ಲಿ ಕೂತಿರುವುದಿಲ್ಲ, ಒಂದೇ ದೇಶದಲ್ಲೂ ಇರಬೇಕಾಗಿಲ್ಲ. ತಮ್ಮ ತಮ್ಮ ಮಾತು ರೆಕಾರ್ಡ್ ಮಾಡಿ ಕಳಿಸುತ್ತಾರೆ. ಎಡಿಟ್ ಮಾಡುವವರು ಅದನ್ನೆಲ್ಲ ಪೋಣಿಸಿ ಸಂಭಾಷಣೆ ಮಾಡುತ್ತಾರೆ. ಒಂದೇ ನಾಟಕದಲ್ಲಿ ಒಬ್ಬರ ದನಿ ಬಾವಿಯೊಳಗಿಂದ ಬಂದಂತೆ, ಇನ್ನೊಬ್ಬರದು ಕಿವಿಯ ಪಕ್ಕದಿಂದ ಬಂದಂತೆ ಕೇಳಿಸುವುದು ಇದರಿಂದಲೇ.

ಗುಣಮಟ್ಟದ ಏರುಪೇರಿಗೂ ಕಾರಣವಿದೆ. ಇಲ್ಲಿ ಓದುವುದಕ್ಕೆ ಆಯ್ಕೆ ಪರೀಕ್ಷೆ ಇಲ್ಲ. ಮೈಕ್ ಸರಿಯಾಗಿದೆಯಾ ಅಂತ ನೋಡಲು ಒಂದು ಸಣ್ಣ ತುಣುಕು ಕಳಿಸಬೇಕು, ಅಷ್ಟೇ. ರೆಕಾರ್ಡಿಂಗ್ ಬಂದ ಮೇಲೆ ಇನ್ನೊಬ್ಬ ಸ್ವಯಂಸೇವಕರು ಅದನ್ನು ಪೂರ್ತಿ ಕೇಳಿ ಪರಿಶೀಲಿಸುತ್ತಾರೆ. ಅವರು ಹುಡುಕುವುದು ಒಂದೇ ಸಾಲು ಎರಡು ಸಲ ಬಂದಿದೆಯಾ, ಏನಾದರೂ ಬಿಟ್ಟುಹೋಗಿದೆಯಾ, ಗದ್ದಲ ಇದೆಯಾ ಅನ್ನುವುದನ್ನು. ಉಚ್ಚಾರಣೆಯ ಧಾಟಿಯನ್ನಾಗಲಿ ಭಾವ ಸಾಲದು ಅಂತಾಗಲಿ ಯಾರೂ ತಿದ್ದುವುದಿಲ್ಲ. ಅದು ಅವರ ನೀತಿ. ಹೀಗಾಗಿ ವೃತ್ತಿಯವರನ್ನು ಮೀರಿಸುವ ಓದೂ ಇದೆ, ನಿದ್ದೆ ಬರಿಸುವ ಓದೂ ಇದೆ. ನನ್ನ ಕಿವಿಗೆ ಸೋಲೋ ಓದುಗಳೇ ಹಿತ. ಹತ್ತು ದನಿಗಳ ನಡುವೆ ಕಥೆ ಹೇಳುವವರ ಗುರುತು ಕಳೆದುಹೋಗುತ್ತದೆ.

ಬಿಟ್ಟುಕೊಟ್ಟ ಮೇಲೆ ಏನಾಗುತ್ತದೆ?

ಲಿಬ್ರಿವಾಕ್ಸ್ ಓದುಗರು ತಮ್ಮ ದನಿಯ ಮೇಲಿನ ಹಕ್ಕನ್ನು ಪೂರ್ತಿ ಬಿಡುತ್ತಾರೆ. ಪ್ರತಿ ಅಧ್ಯಾಯದ ಶುರುವಿನಲ್ಲಿ ಅದನ್ನು ಹೇಳಿಯೂ ಹೇಳುತ್ತಾರೆ. ಪೂರ್ತಿ ಅಂದರೆ ನಿಜಕ್ಕೂ ಪೂರ್ತಿ. ಅದನ್ನು ಬೇರೆಯವರು ಸಿಡಿ ಮಾಡಿ ಮಾರಬಹುದು. ಜಾಹೀರಾತು ಸೇರಿಸಿ ವಿಡಿಯೋ ತಾಣಕ್ಕೆ ಹಾಕಬಹುದು. ಹೊಸ ಆ್ಯಪ್‌ನಲ್ಲಿ ತುಂಬಿ ಚಂದಾ ಕೇಳಬಹುದು. ಯಾವುದಕ್ಕೂ ತಡೆಯಿಲ್ಲ. ಹಾಗಾಗಿ ಕ್ಲಾಸಿಕ್ ಆಡಿಯೋಬುಕ್ ಅಂತ ದುಡ್ಡು ಕೇಳುವ ಆ್ಯಪ್ ಸಿಕ್ಕರೆ ಮೊದಲ ಅರ್ಧ ನಿಮಿಷದ ಸ್ಯಾಂಪಲ್ ಕೇಳಿ. ಲಿಬ್ರಿವಾಕ್ಸ್ ಹೆಸರು ಕಿವಿಗೆ ಬಿದ್ದರೆ ಅದೇ ಫೈಲು ಮೂಲ ತಾಣದಲ್ಲಿ ಉಚಿತವಾಗಿ ಇದೆ ಅಂತ ಅರ್ಥ. ಮಾರುವವರು ಆ ಘೋಷಣೆಯನ್ನು ಕತ್ತರಿಸಿರುವುದೂ ಉಂಟು. ಹಾಗಿದ್ದಾಗ ಓದಿದವರ ಹೆಸರು ಇಟ್ಟುಕೊಂಡು ಹುಡುಕಬಹುದು.

ಈ ದನಿಗಳು ಯಾರೂ ಊಹಿಸದ ಕಡೆಗೂ ಹೋದವು. 2015ರಲ್ಲಿ ಸಂಶೋಧಕರು ಲಿಬ್ರಿವಾಕ್ಸ್‌ನಿಂದ ಸುಮಾರು 1,000 ಗಂಟೆಗಳ ಇಂಗ್ಲಿಷ್ ಓದನ್ನು ಆಯ್ದು, ಪಠ್ಯದ ಜೊತೆ ಹೊಂದಿಸಿ ಲಿಬ್ರಿಸ್ಪೀಚ್ ಎಂಬ ಸಂಗ್ರಹ ಮಾಡಿದರು. ಮಾತನ್ನು ಅಕ್ಷರಕ್ಕಿಳಿಸುವುದನ್ನು ಕಂಪ್ಯೂಟರಿಗೆ ಕಲಿಸಲು, ಕಲಿತದ್ದನ್ನು ಅಳೆಯಲು ಪ್ರಪಂಚದ ಪ್ರಯೋಗಾಲಯಗಳು ಅದನ್ನು ತುಂಬಾ ಬಳಸಿವೆ. ಮನೆಯ ಮೂಲೆಯಲ್ಲಿ ಕೂತು ಕಾದಂಬರಿ ಓದಿದವರ ದನಿ ಹೀಗೆ ಯಂತ್ರಗಳಿಗೆ ಪಾಠವಾಯಿತು.

ಯಂತ್ರಗಳೂ ಈಗ ಓದುತ್ತಿವೆ. 2023ರಲ್ಲಿ ಪ್ರಾಜೆಕ್ಟ್ ಗುಟೆನ್‌ಬರ್ಗ್, ಮೈಕ್ರೋಸಾಫ್ಟ್ ಮತ್ತು ಅಮೆರಿಕದ ಎಂಐಟಿ ವಿಶ್ವವಿದ್ಯಾಲಯದ ಸಂಶೋಧಕರು ಸೇರಿ ಸುಮಾರು 5,000 ಹಳೆಯ ಪುಸ್ತಕಗಳನ್ನು ಕೃತಕ ದನಿಯಲ್ಲಿ ಓದಿಸಿ ಉಚಿತವಾಗಿ ಬಿಟ್ಟರು. ಸ್ವಯಂಸೇವಕರು ವರ್ಷಗಟ್ಟಲೆ ಮಾಡುವ ಕೆಲಸ ಇದು. ಇತಿಹಾಸ, ಪ್ರಬಂಧ, ಪ್ರವಾಸ ಕಥನಗಳನ್ನು ಕೃತಕ ದನಿಯಲ್ಲಿ ಕೇಳಿಕೊಂಡು ಹೋಗಬಹುದು. ವ್ಯಂಗ್ಯ ಬಂದಾಗ, ನಾಲ್ಕು ಜನ ಒಟ್ಟಿಗೆ ಮಾತಾಡುವಾಗ ಯಂತ್ರ ಎಡವುತ್ತದೆ. ಆಸ್ಟಿನ್ ಕಾದಂಬರಿಯಲ್ಲಿ ಹೇಳುವ ಧಾಟಿಯೇ ಅರ್ಧ ಕಥೆ. ಅಲ್ಲಿ ಮನುಷ್ಯರ ಓದೇ ಬೇಕು.

ಸಾಲ ಕೊಡುವ ಉಚಿತವೂ ಇದೆ

ಲಿಬ್ಬಿಯಂಥ ಆ್ಯಪ್‌ಗಳಲ್ಲೂ ಆಡಿಯೋಬುಕ್ ಉಚಿತ ಅನ್ನುತ್ತಾರೆ. ಅದು ಬೇರೆ ಲೆಕ್ಕ. ಅಲ್ಲಿ ಲೈಬ್ರರಿ ದುಡ್ಡು ಕೊಟ್ಟು ಪರವಾನಗಿ ಪಡೆದಿರುತ್ತದೆ. ಆ ಲೈಬ್ರರಿಯ ಕಾರ್ಡ್ ಇದ್ದವರು ಕೆಲವು ವಾರ ಎರವಲು ಪಡೆಯಬಹುದು. ಡಿಜಿಟಲ್ ಫೈಲಾದರೂ ಒಂದು ಪ್ರತಿಯನ್ನು ಸಾಮಾನ್ಯವಾಗಿ ಒಂದು ಸಲಕ್ಕೆ ಒಬ್ಬರೇ ಕೇಳಬೇಕು, ಉಳಿದವರು ಸರದಿಯಲ್ಲಿ ಕಾಯಬೇಕು. ಗಡುವು ಮುಗಿದರೆ ಫೈಲು ತಾನಾಗಿ ಮುಚ್ಚಿಕೊಳ್ಳುತ್ತದೆ. ವೃತ್ತಿನಟರ ಓದು, ಹೊಸ ಅನುವಾದ ಬೇಕಿದ್ದರೆ ಈ ದಾರಿ.

ಕಿವಿಗೆ ಪುಸ್ತಕ, ಕಣ್ಣು ಕಾಣದವರಿಗಾಗಿ

ಥಾಮಸ್ ಎಡಿಸನ್ 1877ರಲ್ಲಿ ದನಿ ಹಿಡಿದಿಟ್ಟು ಮತ್ತೆ ಕೇಳಿಸುವ ಫೋನೋಗ್ರಾಫ್ ಯಂತ್ರ ಮಾಡಿದ ಮರುವರ್ಷವೇ ಅದರ ಉಪಯೋಗಗಳ ಪಟ್ಟಿ ಬರೆದ. ಕಣ್ಣು ಕಾಣದವರಿಗೆ ಮಾತಾಡುವ ಪುಸ್ತಕ ಅದರಲ್ಲಿತ್ತು. ಆದರೆ ಆ ಕಾಲದ ಯಂತ್ರದಲ್ಲಿ ಕೆಲವೇ ನಿಮಿಷ ಹಿಡಿಸುತ್ತಿತ್ತು. ನಿಧಾನಕ್ಕೆ ತಿರುಗುವ, ಹೆಚ್ಚು ಹೊತ್ತು ಆಡುವ ಗ್ರಾಮಫೋನ್ ತಟ್ಟೆಗಳು ಬಂದ ಮೇಲೆ 1930ರ ದಶಕದಲ್ಲಿ ಅದು ನಿಜವಾಯಿತು. ಬ್ರಿಟನ್‌ನಲ್ಲಿ ಮೊದಲನೇ ಮಹಾಯುದ್ಧದಲ್ಲಿ ಕಣ್ಣು ಕಳೆದುಕೊಂಡ ಸೈನಿಕರನ್ನು ಮನಸ್ಸಿನಲ್ಲಿಟ್ಟುಕೊಂಡು 1935ರಲ್ಲಿ ಟಾಕಿಂಗ್ ಬುಕ್ ಸೇವೆ ಶುರುವಾಯಿತು. ಒಂದು ಕಾದಂಬರಿಗೆ ತಟ್ಟೆಗಳ ಒಂದು ಕಟ್ಟೇ ಬೇಕಾಗುತ್ತಿತ್ತು. ಮೊದಲು ಬಂದ ಎರಡರಲ್ಲಿ ಒಂದು ಅಗಾಥಾ ಕ್ರಿಸ್ಟಿಯದು, ಇನ್ನೊಂದು ಕಾನ್ರಾಡ್‌ದು. 70 ವರ್ಷದ ಮೇಲೆ ಲಿಬ್ರಿವಾಕ್ಸ್ ಶುರುವಾದದ್ದೂ ಕಾನ್ರಾಡ್‌ನಿಂದಲೇ. ಕಾಕತಾಳೀಯ ಇರಬಹುದು, ಆದರೂ ಚೆನ್ನಾಗಿದೆ.

ಕೇಳಿದರೆ ಓದಿದಂತಾಗುತ್ತದೆಯಾ?

ಈ ಜಗಳ ಹಳೆಯದು. 2019ರಲ್ಲಿ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ ಒಂದು ಅಧ್ಯಯನ ನಡೆಯಿತು. 9 ಜನರಿಗೆ ಒಂದೇ ಕಥೆಗಳನ್ನು ಕೇಳಿಸಿದರು, ಓದಿಸಿದರು, ಎರಡೂ ಸಲ ಮಿದುಳಿನ ಸ್ಕ್ಯಾನ್ ಮಾಡಿದರು. ಪದಗಳ ಅರ್ಥವನ್ನು ಮಿದುಳು ಗುರುತಿಸುವ ಜಾಗಗಳು ಎರಡರಲ್ಲೂ ಹೆಚ್ಚುಕಡಿಮೆ ಒಂದೇ ಆಗಿದ್ದವು. ಆದರೆ ಅಲ್ಲಿ ಓದಿಸಿದ್ದು ಪರದೆಯ ಮೇಲೆ ಒಂದೊಂದೇ ಪದ ತೋರಿಸಿ, ಮಾತಿನ ವೇಗದಲ್ಲೇ. ಪುಸ್ತಕ ಹಿಡಿದು ಓದುವಾಗ ನಾವು ಹಾಗೆ ಓದುವುದಿಲ್ಲ. ಕಷ್ಟದ ಸಾಲಿಗೆ ನಿಲ್ಲುತ್ತೇವೆ, ಹಿಂದೆ ಹೋಗುತ್ತೇವೆ, ಬೇಸರ ಬಂದರೆ ಹಾರಿಸುತ್ತೇವೆ. ಆಡಿಯೋ ನಮಗಾಗಿ ನಿಲ್ಲುವುದಿಲ್ಲ. 2013ರ ಇನ್ನೊಂದು ಅಧ್ಯಯನದಲ್ಲಿ, ತಾವೇ ಓದುವಾಗಿನದಕ್ಕಿಂತ ಕೇಳುವಾಗ ಜನರ ಮನಸ್ಸು ಜಾಸ್ತಿ ಅಲೆಯಿತು. ಕಥೆ ಅರ್ಥವಾಗುವುದರಲ್ಲಿ ದೊಡ್ಡ ಕೊರತೆ ಇಲ್ಲ, ಗಮನ ಹಿಡಿದಿಡುವುದೇ ಕಷ್ಟ ಅಂತ ಇದರಿಂದ ಅಂದುಕೊಳ್ಳಬಹುದು.

ಹಳೆಯ ಕಾದಂಬರಿಗಳಿಗೆ ಇದರಲ್ಲೊಂದು ಅನುಕೂಲವಿದೆ. ಹತ್ತೊಂಬತ್ತನೇ ಶತಮಾನದ ಎಷ್ಟೋ ಕಾದಂಬರಿಗಳು ಮೊದಲು ಬಂದದ್ದು ಪತ್ರಿಕೆಗಳಲ್ಲಿ ಕಂತುಕಂತಾಗಿ. ಡಿಕನ್ಸ್‌ನ ಗ್ರೇಟ್ ಎಕ್ಸ್‌ಪೆಕ್ಟೇಶನ್ಸ್ 1860ರ ಡಿಸೆಂಬರಿನಿಂದ 1861ರ ಆಗಸ್ಟ್ ತನಕ ವಾರವಾರ ಬಂತು. ಮನೆಯಲ್ಲಿ ಒಬ್ಬರು ಗಟ್ಟಿಯಾಗಿ ಓದುವುದು, ಉಳಿದವರು ಕೇಳುವುದು ಆಗ ಸಾಮಾನ್ಯವಾಗಿತ್ತು. ಹಾಗಾಗಿ ಪಾತ್ರಗಳಿಗೆ ಬೇರೆ ಬೇರೆ ಮಾತಿನ ವರಸೆ, ಮರೆತವರಿಗೆ ನೆನಪಿಸುವ ಸಾಲುಗಳು, ಕಂತಿನ ಕೊನೆಗೆ ಕುತೂಹಲ ಎಲ್ಲ ಅದರಲ್ಲೇ ಇವೆ. ದಿನಕ್ಕೊಂದು ಅಧ್ಯಾಯ ಕೇಳುವುದಕ್ಕೆ ಹೇಳಿ ಮಾಡಿಸಿದಂತಿವೆ. ಅಡಿಟಿಪ್ಪಣಿ ತುಂಬಿದ ಪುಸ್ತಕ, ವಾಕ್ಯ ವಾಕ್ಯಕ್ಕೂ ನಿಂತು ಯೋಚಿಸಬೇಕಾದ ತತ್ತ್ವಶಾಸ್ತ್ರ ಕಿವಿಗೆ ಒಗ್ಗುವುದು ಕಷ್ಟ.

ಶುರು ಮಾಡುವವರಿಗೆ

ವಾರ್ ಆ್ಯಂಡ್ ಪೀಸ್‌ಗೆ ನೇರವಾಗಿ ಕೈಹಾಕಬೇಡಿ. ಇಂಗ್ಲಿಷ್ ಅನುವಾದದಲ್ಲಿ ಅದು ಐದೂವರೆ ಲಕ್ಷ ಪದಗಳಿಗೂ ಜಾಸ್ತಿ. ಗಟ್ಟಿಯಾಗಿ ಓದುವವರು ನಿಮಿಷಕ್ಕೆ 150ರ ಆಸುಪಾಸು ಪದ ಓದುತ್ತಾರೆ. ಲೆಕ್ಕ ಹಾಕಿದರೆ ಸುಮಾರು 60 ಗಂಟೆ. ಎಚ್.ಜಿ. ವೆಲ್ಸ್‌ನ ದಿ ಟೈಮ್ ಮಷೀನ್ ಮೂರೂವರೆ ಗಂಟೆಯ ಆಸುಪಾಸಿನಲ್ಲಿ, ಡಿಕನ್ಸ್‌ನ ಎ ಕ್ರಿಸ್‌ಮಸ್ ಕ್ಯಾರೊಲ್ ಮೂರು ಗಂಟೆಯ ಆಚೆ ಈಚೆ ಮುಗಿಯುತ್ತವೆ. ಷರ್ಲಾಕ್ ಹೋಮ್ಸ್ ಸಣ್ಣ ಕಥೆಗಳಾದರೆ ಒಂದೊಂದು ಒಂದು ಗಂಟೆ.

ಜನಪ್ರಿಯ ಪುಸ್ತಕಗಳಿಗೆ ಲಿಬ್ರಿವಾಕ್ಸ್‌ನಲ್ಲಿ ನಾಲ್ಕೈದು ಬೇರೆ ಬೇರೆ ಓದುಗಳಿರುತ್ತವೆ. ಮೊದಲು ಕಂಡದ್ದನ್ನೇ ಹಿಡಿಯಬೇಡಿ. ಐದು ನಿಮಿಷ ಕೇಳಿ, ಇಷ್ಟವಾಗದಿದ್ದರೆ ಇನ್ನೊಂದಕ್ಕೆ ಹೋಗಿ. ಒಬ್ಬರ ದನಿ ಹಿಡಿಸಿತು ಅಂದರೆ ಅವರ ಹೆಸರು ಒತ್ತಿ. ಅವರು ಓದಿದ್ದೆಲ್ಲ ಒಂದೇ ಕಡೆ ಸಿಗುತ್ತದೆ. ಲೇಖಕರನ್ನು ಹುಡುಕುವುದಕ್ಕಿಂತ ಓದುವವರನ್ನು ಹಿಂಬಾಲಿಸುವುದೇ ಇಲ್ಲಿ ಒಳ್ಳೆಯ ದಾರಿ. ಇಂಗ್ಲಿಷ್ ಕೇಳಿ ಅಷ್ಟು ರೂಢಿ ಇಲ್ಲದವರು ಪಠ್ಯವನ್ನೂ ಪಕ್ಕದಲ್ಲಿ ತೆರೆದಿಟ್ಟುಕೊಳ್ಳಬಹುದು. ಪುಸ್ತಕದ ಪುಟದಲ್ಲೇ ಅದರ ಕೊಂಡಿ ಇರುತ್ತದೆ.

ಫೈಲಿನ ಗಾತ್ರದ ಬಗ್ಗೆ ಒಂದು ಮಾತು. 64 ಕೆಬಿಪಿಎಸ್ (ಸೆಕೆಂಡಿಗೆ ಇಷ್ಟು ಕಿಲೋಬಿಟ್ ಅನ್ನುವ ಅಳತೆ) ಎಂಪಿ3 ಆದರೆ ಗಂಟೆಗೆ 29 ಎಂಬಿ, 128 ಆದರೆ 58 ಎಂಬಿ. ಬರೀ ಮಾತು ಕೇಳಲು ಕಡಿಮೆಯದೇ ಸಾಕು. ಎಂ4ಬಿ ಅನ್ನುವ ಬಗೆ ಸಿಕ್ಕರೆ, ಅದರಲ್ಲಿ ಇಡೀ ಪುಸ್ತಕ ಒಂದೇ ಫೈಲಾಗಿ, ಅಧ್ಯಾಯದ ಗುರುತುಗಳ ಜೊತೆ ಇರುತ್ತದೆ. ಆಡಿಯೋಬುಕ್ ಆ್ಯಪ್‌ಗಳು ಅದನ್ನು ಎಲ್ಲಿಗೆ ನಿಲ್ಲಿಸಿದಿರೋ ಅಲ್ಲಿಂದಲೇ ಮುಂದುವರಿಸುತ್ತವೆ.

ಪಟ್ಟಿಯಲ್ಲಿ ಸಿಂಹಪಾಲು ಇಂಗ್ಲಿಷಿನದು. ಜರ್ಮನ್, ಫ್ರೆಂಚ್, ಸ್ಪ್ಯಾನಿಷ್, ಡಚ್ ಪುಸ್ತಕಗಳೂ ಇವೆ, ಉಳಿದ ಭಾಷೆಗಳ ಪಾಲು ಸಣ್ಣದು. ಬೇರೆ ಭಾಷೆ ಬೇಡ ಅಂತ ಯಾರೂ ಅಂದಿಲ್ಲ. ಆ ಭಾಷೆಯಲ್ಲಿ ಹಕ್ಕು ಮುಗಿದ ಪುಸ್ತಕದ ಪಠ್ಯ ಇಂಟರ್ನೆಟ್‌ನಲ್ಲಿರಬೇಕು, ಓದುವವರೊಬ್ಬರು ಬೇಕು, ಅದನ್ನು ಕೇಳಿ ತಪ್ಪು ಹೇಳಬಲ್ಲ ಇನ್ನೊಬ್ಬರು ಬೇಕು. ಓದುವವರಿಗೆ ಬೇಕಾದದ್ದು ಸದ್ದಿಲ್ಲದ ಕೋಣೆ, ಒಂದು ಸಾಧಾರಣ ಮೈಕ್, ಆಡಾಸಿಟಿಯಂಥ ಉಚಿತ ಸಾಫ್ಟ್‌ವೇರ್. ಹೊಸಬರು ಸಾಮಾನ್ಯವಾಗಿ ಒಂದು ಪದ್ಯದಿಂದಲೋ ಒಂದು ಅಧ್ಯಾಯದಿಂದಲೋ ಶುರು ಮಾಡುತ್ತಾರೆ. ಮೈಕ್ ಮುಂದೆ ಕೂರಲು ಮುಜುಗರ ಅನ್ನುವವರಿಗೆ ಪರಿಶೀಲನೆಯ ಕೆಲಸವಿದೆ. ಅದಕ್ಕೆ ಹೆಡ್‌ಫೋನ್ ಒಂದಿದ್ದರೆ ಸಾಕು.